ಐದಕ್ಕಿಂತ ಕಡಿಮೆ

ಫೆಬ್ರವರಿ 3, ಸೋಮವಾರ

ರಕ್ತದೊತ್ತಡದ ಡಾಕ್ಟರು ಈ ಸಲ ಮಾತ್ರೆ ಹೆಚ್ಚಿಸಲಿಲ್ಲ, ಒಂದು ಪುಸ್ತಕ ಕೊಂಡುಕೊಳ್ಳಲು ಹೇಳಿದರು. "ಸಿಟ್ಟು ಬಂದ ತಕ್ಷಣ ಎದುರಿಗಿದ್ದವರ ಮೇಲೆ ಹಾರಬೇಡಿ, ಬರೆದಿಡಿ. ಬರೆದು ಮುಗಿಸೋ ಹೊತ್ತಿಗೆ ಅರ್ಧ ಇಳಿದಿರುತ್ತೆ" ಅಂದರು. ಅರ್ಧ ಇಳಿಯುವುದಕ್ಕೆ ಎಷ್ಟು ಪುಟ ಬೇಕಾಗುತ್ತದೆ ಎಂದು ಹೇಳಲಿಲ್ಲ. ಇರಲಿ, ಇದು ನನ್ನ ಸಿಟ್ಟಿನ ಪುಸ್ತಕ. ಯಾರೂ ಓದಕೂಡದು.

"ಅಷ್ಟೊಂದು ಸಿಟ್ಟು ಬರೋಂಥ ಕೆಲಸ ಏನ್ರೀ ನಿಮ್ದು?" ಎಂದೂ ಕೇಳಿದರು. ಹೇಳಿದೆ. ಮಾತ್ರೆಗಳು ಅಂಗಡಿಗೆ ಬಂದಮೇಲೆ ಜನಕ್ಕೆ ಒಳ್ಳೆಯದು ಮಾಡುತ್ತಿವೆಯೋ ಕೆಟ್ಟದ್ದೋ ಎಂದು ಲೆಕ್ಕ ನೋಡುವುದು. ಅದಕ್ಕೆ ಏಳು ದೇಶಗಳ ಆಸ್ಪತ್ರೆ, ಔಷಧಿ ಅಂಗಡಿ, ಹೆರಿಗೆ ವಾರ್ಡುಗಳ ದಾಖಲೆ ಬೇಕು. ಯಾವ ದೇಶವೂ ತನ್ನ ದಾಖಲೆಯನ್ನು ಹೊರಗೆ ಬಿಡುವುದಿಲ್ಲ, ಬಿಡಲೂಬಾರದು. ನಾವು ಪ್ರಶ್ನೆಯನ್ನು ಪ್ರೋಗ್ರಾಮ್ ಮಾಡಿ ಕಳಿಸುತ್ತೇವೆ, ಅವರು ತಮ್ಮ ಬೀಗದೊಳಗೇ ಅದನ್ನು ಓಡಿಸಿ ಬರೀ ಒಟ್ಟು ಸಂಖ್ಯೆಗಳನ್ನು ಹೊರಗೆ ಕೊಡುತ್ತಾರೆ. ಹೆಸರಿಲ್ಲ, ಊರಿಲ್ಲ. ಸಂಖ್ಯೆ ತೀರಾ ಚಿಕ್ಕದಾದರೆ ಅದನ್ನೂ ಕೊಡುವುದಿಲ್ಲ. 'ಐದಕ್ಕಿಂತ ಕಡಿಮೆ' ಎಂದು ಬರೆದು ಮುಚ್ಚಿಬಿಡುತ್ತಾರೆ, ಎಲ್ಲಿ ಯಾರಾದರೂ ಆ ಮನುಷ್ಯರ ಗುರುತು ಹಿಡಿದುಬಿಡುತ್ತಾರೋ ಎಂದು. ಡಾಕ್ಟರು ಗಡಿಯಾರ ನೋಡಿಕೊಂಡರು. ಕೇಳಿದ್ದು ಅವರೇ.

ಇವತ್ತಿನ ಸಿಟ್ಟು ಆಚೆಮನೆಯವರ ಮೇಲೆ. ನಮ್ಮಲ್ಲಿ ಒಂದೇ ಪ್ರಶ್ನೆಯನ್ನು ಇಬ್ಬರು ಬೇರೆ ಬೇರೆ ಕೂತು, ಒಬ್ಬರದನ್ನೊಬ್ಬರು ನೋಡದೆ ಬರೆಯಬೇಕು. ಎರಡಕ್ಕೂ ಒಂದೇ ಉತ್ತರ ಬಂದರೆ ಮಾತ್ರ ಪಾಸು. ನನ್ನ ಜೋಡಿ ಇರುವುದು ಸಮುದ್ರದಾಚೆ. ಗಂಡೋ ಹೆಣ್ಣೋ ನನಗೆ ಗೊತ್ತಿಲ್ಲ, ಮೇಲ್‌ನ ಕೊನೆಗೆ ಬರೀ ಎರಡಕ್ಷರ ಇರುತ್ತದೆ. ಆಚೆಮನೆಯವರು ಎಂದು ನಾನೇ ಹೆಸರಿಟ್ಟಿದ್ದೇನೆ. ಇವತ್ತು ಅವರು ಬರೆದಿದ್ದರು: 'ನಿಮ್ಮ ಪ್ರೋಗ್ರಾಮಿನಲ್ಲಿ ಮಕ್ಕಳ ಸಂಖ್ಯೆ ಕಡಿಮೆ ಬರುತ್ತಿದೆ. ದಯವಿಟ್ಟು ಒಮ್ಮೆ ನೋಡಿ.' ದಯವಿಟ್ಟು ಅಂತೆ! ಮೂವತ್ತು ವರ್ಷದಿಂದ ಇದೇ ಕೆಲಸ ಮಾಡಿ ಕಣ್ಣು ಸವೆಸಿಕೊಂಡವಳಿಗೆ ದಯವಿಟ್ಟು ನೋಡಬೇಕಂತೆ. ಪಿತ್ತ ನೆತ್ತಿಗೇರಿತು. ತಪ್ಪು ಅವರದೇ ಎಂದು ಎರಡು ಸಾಲಿನಲ್ಲಿ ಉತ್ತರ ಕೊಟ್ಟು ಮನೆಗೆ ಬಂದೆ.

ಫೆಬ್ರವರಿ 5, ಬುಧವಾರ

ಅವಳಿ ಮಕ್ಕಳು.

ನಾನು ತಾಯಿಯ ಲೆಕ್ಕದಲ್ಲಿ ಎಣಿಸಿದ್ದೆ. ಒಬ್ಬ ತಾಯಿಗೆ ಒಂದು ಮಗು. ಅವಳಿಯಾದಾಗ ಎರಡನೆಯದು ನನ್ನ ಪ್ರೋಗ್ರಾಮಿನಲ್ಲಿ ಹುಟ್ಟೇ ಇರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು ಮಾಡುವ ತಪ್ಪು. ಮುಖ ಎಲ್ಲಿಡಲಿ? ಕ್ಷಮೆ ಕೇಳಿ ಬರೆದೆ. ಆಚೆಮನೆಯವರಿಂದ ಒಂದೇ ಸಾಲಿನ ಉತ್ತರ ಬಂತು: 'ನಾನೂ ಒಮ್ಮೆ ಹೀಗೇ ಮಾಡಿದ್ದೆ, ಅದಕ್ಕೇ ಕಣ್ಣಿಗೆ ಬಿತ್ತು.'

ಒಳ್ಳೆಯ ಜನವೇ. ಆದರೂ ಆ 'ದಯವಿಟ್ಟು' ನನಗೆ ಹಿಡಿಸಲಿಲ್ಲ.

ಫೆಬ್ರವರಿ 9, ಭಾನುವಾರ

ಬಾತ್‌ರೂಮಿನ ದೀಪ ಆರಿಸಿರಲಿಲ್ಲ, ಒದ್ದೆ ಟವೆಲ್ ಮಂಚದ ಮೇಲೆ, ಹಾಲಿನ ಪಾತ್ರೆ ನೆನೆಹಾಕಿರಲಿಲ್ಲ. ಸೊಸೆಗೆ ಬೆಳಗಾಗೆದ್ದು ಮೂರು ಸಲ ಬೈದೆ. ನಾಲ್ಕನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮಗ ಅಡ್ಡ ಬಂದು, "ಅಮ್ಮ, ಸ್ವಲ್ಪ ಕೂತ್ಕೋ. ಒಂದ್ ವಿಷ್ಯ" ಅಂದ. ಅವನು ಲಿಫ್ಟ್ ರಿಪೇರಿಯವನು. ಎಲ್ಲೋ ಯಾರೋ ಸಿಕ್ಕಿಹಾಕಿಕೊಂಡಿದ್ದಾರೆ, ಊಟಕ್ಕೆ ಬರುವುದಿಲ್ಲ ಎನ್ನುತ್ತಾನೇನೋ ಅಂದುಕೊಂಡೆ.

ಸೊಸೆಗೆ ದಿನ ತುಂಬುವುದು ಅಕ್ಟೋಬರಿನ ಹೊತ್ತಿಗಂತೆ.

ಕೂತಲ್ಲೇ ಅತ್ತುಬಿಟ್ಟೆ. "ಬೈದಿದ್ದು ವಾಪಸ್ ತಗೊಳ್ತೀರಾ ಅತ್ತೆ?" ಎಂದು ಕೇಳಿದಳು, ತುಂಟಿ. ತಗೊಳ್ಳುವುದಿಲ್ಲ, ಟವೆಲ್ ಎತ್ತಿ ಹರವು ಎಂದೆ. ಮೂವರೂ ನಕ್ಕೆವು. ಈ ಹುಡುಗಿ ನನ್ನ ಬಾಯಿಯನ್ನು ಮೂರು ವರ್ಷದಿಂದ ಹೇಗೆ ತಡೆದುಕೊಂಡಿದ್ದಾಳೋ. ಕನ್ನಡಕದ ಅಂಗಡಿಯಲ್ಲಿ ಕೆಲಸ ಅವಳಿಗೆ, ದಿನವಿಡೀ ಜನರ ಮುಖಕ್ಕೆ ಮುಖ ಕೊಟ್ಟು ಫ್ರೇಮು ಸರಿಮಾಡುತ್ತಾಳೆ. ತಾಳ್ಮೆ ಅಲ್ಲಿಂದ ಬಂದಿರಬೇಕು.

ಮಧ್ಯಾಹ್ನ ಒಬ್ಬಳೇ ಕೂತಾಗ ನೆನಪಾಯಿತು. ಅವಳ ಮಾತ್ರೆ. ಶಾಲೆಯಲ್ಲಿದ್ದಾಗಿನಿಂದ ಅವಳಿಗೆ ಫಿಟ್ಸ್ ಇದೆ. ಬೇರೆ ಯಾವುದಕ್ಕೂ ಬಗ್ಗದ ಫಿಟ್ಸು ಈ ಒಂದು ಮಾತ್ರೆಗೆ ಬಗ್ಗಿದೆ, ಮದುವೆಯಾದ ಮೇಲೆ ಒಂದು ಸಲವೂ ಬಂದಿಲ್ಲ. ಈಗ ಏಳು ದೇಶಗಳಲ್ಲಿ ನಾವು ನೋಡುತ್ತಿರುವುದೂ ಅದೇ ಮಾತ್ರೆ: ಗರ್ಭಿಣಿ ತೆಗೆದುಕೊಂಡರೆ ಮಗುವಿನ ಹೃದಯಕ್ಕೆ ತೊಂದರೆಯಾಗುತ್ತದೆಯೇ, ಇಲ್ಲವೇ. ಗರ್ಭಿಣಿಯರ ಮೇಲೆ ಯಾರೂ ಔಷಧಿ ಪ್ರಯೋಗ ಮಾಡುವುದಿಲ್ಲ. ಎಲ್ಲೆಲ್ಲೋ ತಾವಾಗಿಯೇ ತೆಗೆದುಕೊಂಡವರ ಲೆಕ್ಕ ನೋಡುವುದೊಂದೇ ದಾರಿ.

ಫೆಬ್ರವರಿ 10, ಸೋಮವಾರ

ಮೊದಲು 'ತಡೀರಿ ಸಾಹೇಬರ' ಕೋಣೆಗೆ ಹೋದೆ. ನಮ್ಮ ವಿಭಾಗದ ಮುಖ್ಯಸ್ಥರು. ಯಾರು ಏನು ಹೇಳಲು ಬಂದರೂ ಮೊದಲು "ಸ್ವಲ್ಪ ತಡೀರಿ" ಎನ್ನುವುದರಿಂದ ಕಚೇರಿಯಲ್ಲಿ ಎಲ್ಲರಿಗೂ ಅವರು ತಡೀರಿ ಸಾಹೇಬರೇ. ಸೊಸೆ ಈ ಮಾತ್ರೆ ತೆಗೆದುಕೊಳ್ಳುವುದು ಅವರಿಗೆ ಮೊದಲೇ ಗೊತ್ತಿತ್ತು, ಗರ್ಭಿಣಿಯಾದದ್ದನ್ನೂ ಹೇಳಿದೆ.

"ಸ್ವಲ್ಪ ತಡೀರಿ ಮೇಡಂ. ಮೊದ್ಲು ಶುಭಾಶಯ" ಅಂದರು. "ಏನನ್ನ ಹೇಗೆ ಎಣಿಸ್ಬೇಕು ಅಂತ ಹೋದ ವರ್ಷವೇ ಬರೆದು ಬೀಗ ಹಾಕಿದೀವಿ. ನೀವು ಬೇಕು ಅಂದ್ರೂ ಬದಲಾಯ್ಸೋಕಾಗಲ್ಲ. ಆಚೆ ಇನ್ನೊಬ್ರು ಬೇರೆ ಬರೀತಿದಾರೆ. ಮುಂದುವರಿಸಿ. ಒಂದೇ ಮಾತು, ಸಂಖ್ಯೆ ಮನೆಗೆ ಹೋಗಬಾರದು. ಅರ್ಧ ಕೇಳಿಸ್ಕೊಂಡು ಯಾರಾದ್ರೂ ಮಾತ್ರೆ ಬಿಟ್ರೆ ಅದಕ್ಕೆ ನಾವೇ ಹೊಣೆ."

ನನ್ನ ಬಾಯಿಗೆ ಬೀಗ, ಸರ್, ಎಂದೆ. ಅವರು ನಗು ತಡೆದುಕೊಂಡದ್ದು ನನಗೆ ಕಾಣಿಸಿತು. ಸಿಟ್ಟು ಬರಬೇಕಿತ್ತು. ನನ್ನನ್ನು ನಂಬಿದರಲ್ಲ ಎಂದು ಸಮಾಧಾನವೇ ಆಯಿತು.

ಫೆಬ್ರವರಿ 19, ಬುಧವಾರ

ಮೊದಲ ದೇಶದ ಸಂಖ್ಯೆಗಳು ಬಂದವು. ಅತಿ ದೊಡ್ಡ ದಾಖಲೆ ಇರುವ ದೇಶ.

ಮಾತ್ರೆ ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ಹೃದಯದ ದೋಷ ಉಳಿದವರಿಗಿಂತ ಮೂರು ಪಟ್ಟು.

ಆಚೆಮನೆಯವರದ್ದೂ ಅಷ್ಟೇ ಬಂದಿದೆ. ಈ ಸಲ ಅವಳಿಗಳೂ ಸರಿ ಇವೆ, ಎಲ್ಲವೂ ಸರಿ ಇದೆ. ತಪ್ಪು ಸಿಗಲೆಂದು ಇಡೀ ದಿನ ಹುಡುಕಿದೆ.

ಫೆಬ್ರವರಿ 26, ಬುಧವಾರ

ಒಂದು ವಾರದಿಂದ ಬರೆಯುವಷ್ಟು ಸಿಟ್ಟೇ ಬಂದಿಲ್ಲ. ಸೊಸೆ ಇವತ್ತು ಬೀಗದ ಕೈ ಬಾಗಿಲಲ್ಲೇ ಬಿಟ್ಟು ಕೆಲಸಕ್ಕೆ ಹೋಗಿದ್ದಳು. ಹೋಗಲಿ ಬಿಡು ಕಂದ, ಎಂದೆ. ಸೂಪು ಮಾಡಿ ಕೈಗೆ ಕೊಟ್ಟೆ. ದಿಂಬು ತಂದು ಬೆನ್ನಿಗಿಟ್ಟೆ. ಅವಳ ಮುಖ ನೋಡಿದರೆ ಬಾಯಿ ಬಿಟ್ಟುಬಿಡುತ್ತೇನೆ ಎಂದು ಹೆದರಿ ಕಿಟಕಿ ಕಡೆ ನೋಡಿಕೊಂಡು ಮಾತಾಡಿದೆ. ಬಾಯಿ ಬಿಡಲಿಲ್ಲ. ಸಾಹೇಬರು ನನ್ನನ್ನು ನಂಬಿದ್ದಕ್ಕೆ ಮೋಸವಾಗಲಿಲ್ಲ.

ಮಗ ಪಾತ್ರೆ ತೊಳೆಯುತ್ತಾ, "ಅಮ್ಮ, ಹುಷಾರಾಗಿದೀಯ ತಾನೇ?" ಎಂದು ಕೇಳಿದ.

ಮಾರ್ಚ್ 8, ಶನಿವಾರ

ಇವತ್ತು ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ಬೆಳಗಿನ ತಿಂಡಿಗೆ ಕೂತಿದ್ದೆವು. ಮಗ ಕೆಲಸಕ್ಕೆ ಹೋಗಿದ್ದ. ಸೊಸೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದವಳು ಚಾಕು ಹಿಡಿದ ಹಾಗೇ ನಿಂತುಬಿಟ್ಟಳು. ಕಣ್ಣು ಒಂದು ಕಡೆ ಸೆಟೆಯಿತು. ಬೀಳುವ ಮೊದಲು ಹಿಡಿದುಕೊಂಡೆ, ಆದರೆ ಅವಳ ಭಾರಕ್ಕೆ ನಾನೂ ಜೊತೆಗೇ ಕೂತೆ. ಮಗ್ಗುಲಿಗೆ ತಿರುಗಿಸಿದೆ, ಕುರ್ಚಿ ದೂರ ಒದ್ದೆ, ತಲೆ ಕೆಳಗೆ ನನ್ನ ಕೈ ಇಟ್ಟೆ. ಬೇರೆ ಏನು ಮಾಡಬೇಕೋ ತೋಚಲಿಲ್ಲ. ಕಿರುಚಿದೆ. ಕೆಳಗಿನ ಮನೆಯ ಟ್ಯಾಕ್ಸಿಯವರು ಬರಿಗಾಲಲ್ಲಿ ಓಡಿಬಂದರು. ಹೋದ ತಿಂಗಳಷ್ಟೇ ಅವರ ಮೇಲೆ ಗಾಡಿ ಅಡ್ಡ ನಿಲ್ಲಿಸಿದ್ದಕ್ಕೆ ಕೂಗಾಡಿದ್ದೆ. ಆ ಮನುಷ್ಯ ಅವಳನ್ನು ಎತ್ತಿಕೊಂಡು ಮೆಟ್ಟಿಲಿಳಿದರು, ಆಸ್ಪತ್ರೆಯಲ್ಲಿ ಸ್ಟ್ರೆಚರ್ ಹುಡುಕಿ ತಂದರು, ಮಗ ಬರುವವರೆಗೂ ನನ್ನ ಪಕ್ಕದಲ್ಲೇ ಕೂತಿದ್ದರು. ಅವರ ಹೊಟ್ಟೆ ತಣ್ಣಗಿರಲಿ.

ಮಗುವಿನ ಎದೆಬಡಿತ ಕೇಳಿಸುತ್ತಿದೆ ಅಂದರು. ಅಷ್ಟು ಸಾಕು ಇವತ್ತಿಗೆ.

ಮಾರ್ಚ್ 9, ಭಾನುವಾರ

ಸೊಸೆ ಮಾತ್ರೆಯನ್ನು ಅರ್ಧ ಮಾಡಿ ತೆಗೆದುಕೊಳ್ಳುತ್ತಿದ್ದಳು. ಮೂರು ವಾರದ ಹತ್ತಿರವಾಯಿತಂತೆ. ಯಾರಿಗೂ ಹೇಳಿರಲಿಲ್ಲ.

ನರರೋಗದ ಡಾಕ್ಟರಮ್ಮ ಗದರಲಿಲ್ಲ, ಯಾಕೆ ಎಂದಷ್ಟೇ ಕೇಳಿದರು. ಸೊಸೆ ನನ್ನ ಕಡೆ ನೋಡಿದಳು.

"ಅತ್ತೆ ಏನೂ ಹೇಳ್ಲಿಲ್ಲ ಡಾಕ್ಟ್ರೇ. ಅವ್ರು ಬೈಯೋದು ನಿಲ್ಲಿಸಿಬಿಟ್ರು" ಅಂದಳು. "ಮೂರು ವರ್ಷ ದಿನಾ ಬೈದಿದಾರೆ. ಒಂದಿನ ಆಫೀಸಿಂದ ಬಂದೋರು ಕಂದ ಅಂದ್ರು. ದಿಂಬು ಕೊಟ್ರು. ನನ್ ಮುಖ ನೋಡ್ತಾನೇ ಇರ್ಲಿಲ್ಲ. ಅವ್ರು ನೋಡ್ತಿರೋದು ಇದೇ ಮಾತ್ರೆ ಅಂತ ನಂಗೆ ಗೊತ್ತು. ಏನೋ ಕೆಟ್ಟದ್ದೇ ಸಿಕ್ಕಿರ್ಬೇಕು ಅಂದ್ಕೊಂಡೆ. ಪೂರ್ತಿ ಬಿಡೋಕೆ ಧೈರ್ಯ ಬರ್ಲಿಲ್ಲ, ಅರ್ಧ ಮಾಡ್ದೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಂದು ಸಂಖ್ಯೆಯೂ ನನ್ನ ಬಾಯಿಂದ ಬಿದ್ದಿಲ್ಲ. ಆದರೂ ಹೇಳಿಬಿಟ್ಟಿದ್ದೆ.

ಡಾಕ್ಟರಮ್ಮ ಅವಳ ಕೈ ಹಿಡಿದು, "ಮಾತ್ರೆಯಿಂದ ತೊಂದ್ರೆ ಆಗುತ್ತೋ ಇಲ್ವೋ ಇನ್ನೂ ಯಾರಿಗೂ ಗೊತ್ತಿಲ್ಲ. ಬಿಟ್ರೆ ಆಗೋ ತೊಂದ್ರೆ ಗೊತ್ತು, ನಿನ್ನೆ ನೋಡಿದ್ರಿ" ಅಂದರು. ಇವತ್ತಿನಿಂದ ಪೂರ್ತಿ ಮಾತ್ರೆ. ಸೊಸೆ ಒಪ್ಪಿದಳು. ನುಂಗುವಾಗ ಕಣ್ಣು ಮುಚ್ಚಿಕೊಂಡಳು.

ವಾರ್ಡಿನಲ್ಲಿ ನಾವಿಬ್ಬರೇ ಇದ್ದಾಗ, "ನಿಜ ಹೇಳಿ ಅತ್ತೆ, ಕೆಟ್ಟದ್ದೇನಾ?" ಎಂದಳು. ಹೇಳುವ ಹಾಗಿಲ್ಲ ತಾಯಿ, ಎಂದೆ. "ಹಾಗಿದ್ರೆ ಇದ್ದ ಹಾಗೇ ಇರಿ. ಬೈಯಿರಿ. ನಂಗೆ ಅದ್ರಲ್ಲೇ ಧೈರ್ಯ" ಅಂದಳು. ಹಾಗಾದರೆ ಕೇಳು, ಎಂದೆ. ಹೇಳದೆ ಕೇಳದೆ ಮಾತ್ರೆ ಮುರಿದ ಮುಠ್ಠಾಳಿಗೆ ಹೊಟ್ಟೆಯಲ್ಲಿ ಮಗು ಬೇರೆ ಕೇಡು ಎಂದೆಲ್ಲಾ ಶುರು ಮಾಡಿ, ಅಳುತ್ತಾ ಅಳುತ್ತಾ ಬೈದೆ. ಅವಳು ನನ್ನ ಸೆರಗಿನಲ್ಲೇ ಮೂಗು ಒರೆಸಿಕೊಂಡು ನಿದ್ದೆ ಹೋದಳು. ದೇವರೇ, ಈ ಹುಡುಗಿಯನ್ನು ನನ್ನ ಮನೆಗೆ ಕಳಿಸಿದ್ದಕ್ಕೆ ಯಾರಿಗೆ ಕೈ ಮುಗಿಯಲಿ.

ಮಾರ್ಚ್ 12, ಬುಧವಾರ

ಇವತ್ತು ಮತ್ತೆ ಆ ಮೊದಲ ದೇಶದ ಕೋಷ್ಟಕಗಳನ್ನು ತೆರೆದೆ. ಇನ್ನೆರಡು ದೇಶಗಳ ಉತ್ತರವೂ ಬಂದಿದೆ, ಅಲ್ಲಿ ಹೆಚ್ಚುವರಿ ದೋಷ ಅಷ್ಟಾಗಿ ಕಾಣುತ್ತಿಲ್ಲ. ಇಲ್ಲಿ ಮಾತ್ರ ಮೂರು ಪಟ್ಟು. ಯಾಕೆ?

ಆಗ ಕಣ್ಣಿಗೆ ಬಿತ್ತು. ಆ ಮಕ್ಕಳ ಹೃದಯದೋಷದ ಕೋಡ್, ಅಂದರೆ ಕಾಯಿಲೆಗೆ ದಾಖಲೆಯಲ್ಲಿ ಹಾಕುವ ಗುರುತಿನ ಸಂಖ್ಯೆ, ಹೆಚ್ಚಾಗಿ ಬಿದ್ದಿರುವುದು ಹುಟ್ಟಿದ ಮೊದಲ ವಾರದಲ್ಲಿ, ಅದೂ ಒಂದೇ ಸಲ. ಆಮೇಲೆ ಹೃದಯದ ಡಾಕ್ಟರ ಹತ್ತಿರ ಇನ್ನೊಂದು ಭೇಟಿ ಇಲ್ಲ, ಶಸ್ತ್ರಕ್ರಿಯೆ ಇಲ್ಲ, ಹೃದಯದ ಔಷಧಿ ಇಲ್ಲ. ಹೃದಯದಲ್ಲಿ ತೂತಿರುವ ಮಗುವನ್ನು ಒಂದೇ ಸಲ ತೋರಿಸಿ ಸುಮ್ಮನಾಗುವ ತಾಯಿ ಯಾವ ದೇಶದಲ್ಲಿದ್ದಾಳೆ?

ಆ ದೇಶದ ಆಸ್ಪತ್ರೆಗಳ ಕೈಪಿಡಿ ತರಿಸಿಕೊಂಡು ಓದಿದೆ. ಅಲ್ಲಿ ಈ ಮಾತ್ರೆ ತೆಗೆದುಕೊಂಡ ತಾಯಂದಿರ ಮಕ್ಕಳನ್ನೆಲ್ಲಾ, ಯಾವುದಕ್ಕೂ ಇರಲಿ ಎಂದು, ಹೃದಯದ ಸ್ಕ್ಯಾನಿಗೆ ಕಳಿಸುತ್ತಾರೆ. ಸ್ಕ್ಯಾನಿಗೆ ಚೀಟಿ ಬರೆಯಬೇಕಾದರೆ ಯಾವ ಕಾಯಿಲೆಗೆ ಎಂದು ಒಂದು ಕೋಡ್ ಹಾಕಲೇಬೇಕು. 'ಸುಮ್ಮನೆ ನೋಡಿ' ಎನ್ನುವುದಕ್ಕೆ ಅವರಲ್ಲಿ ಕೋಡ್ ಇಲ್ಲ. ಹೃದಯದೋಷದ ಕೋಡನ್ನೇ ಹಾಕುತ್ತಾರೆ. ಮಗು ಚೆನ್ನಾಗಿದೆ ಎಂದು ಗೊತ್ತಾದ ಮೇಲೆ ಅದನ್ನು ಅಳಿಸುವವರಿಲ್ಲ. ಕಾಳಜಿಗಾಗಿ ಬರೆದದ್ದನ್ನು ನಾವು ಕಾಯಿಲೆ ಎಂದು ಎಣಿಸಿದ್ದೇವೆ.

ಕುರ್ಚಿಯಿಂದ ಎದ್ದು ಕುಣಿಯಬೇಕೆನಿಸಿತು. ಎದ್ದೆ, ಮತ್ತೆ ಕೂತೆ. ನನಗೆ ಏನು ಬೇಕಾಗಿತ್ತೋ ಅದೇ ನನಗೆ ಸಿಕ್ಕಿದೆ. ಬೇರೆ ಯಾರಾದರೂ ಹೀಗೆ ಹೇಳಿಕೊಂಡು ಬಂದಿದ್ದರೆ ನಾನೇ ಅವರ ಚಳಿ ಬಿಡಿಸುತ್ತಿದ್ದೆ. ಆ ಮಕ್ಕಳಲ್ಲಿ ನಿಜವಾಗಿ ಕಾಯಿಲೆಯಿದ್ದವು ಎಷ್ಟೋ! ಹುಟ್ಟಿದ ವಾರದಲ್ಲೇ ತೀರಿಕೊಂಡ ಮಗುವಿಗೂ ಎರಡನೇ ಭೇಟಿ ಇರುವುದಿಲ್ಲ. ಅದು ಹೊಳೆದ ಮೇಲೆ ಊಟ ಸೇರಲಿಲ್ಲ.

ಮಾರ್ಚ್ 13, ಗುರುವಾರ

ಸಾಹೇಬರಿಗೆ ಎಲ್ಲಾ ಹೇಳಿದೆ. ಕೋಡಿನ ವಿಷಯ, ಸೊಸೆಯ ವಿಷಯ, ನನ್ನ ಮುಖದ ವಿಷಯ. ಸ್ವಲ್ಪ ತಡೀರಿ ಎನ್ನಲಿಲ್ಲ, ಪೂರ್ತಿ ಕೇಳಿದರು.

"ಮೇಡಂ, ಈ ಕ್ಷಣದಿಂದ ನೀವು ಈ ಫೈಲ್ ಮುಟ್ಟೋ ಹಾಗಿಲ್ಲ. ಬೇಜಾರು ಮಾಡ್ಕೋಬೇಡಿ."

"ಅದನ್ನ ಕೇಳೋಕೇ ಬಂದೆ ಸರ್."

ಆಚೆಮನೆಯವರ ಮೇಲ್ವಿಚಾರಣೆಯಲ್ಲಿ ಆ ದೇಶದ ಆಸ್ಪತ್ರೆಗಳ ಡಾಕ್ಟರುಗಳೇ ಹಳೆಯ ಕಡತಗಳನ್ನು ತೆಗೆದು ಓದುತ್ತಾರಂತೆ. ಮಾತ್ರೆ ತೆಗೆದುಕೊಂಡವರ ಮಕ್ಕಳದ್ದೂ, ತೆಗೆದುಕೊಳ್ಳದವರ ಮಕ್ಕಳದ್ದೂ. ಯಾವುದು ಯಾರದೆಂದು ಓದುವವರಿಗೆ ಹೇಳುವುದಿಲ್ಲ. ಹೀಗೆ ಮಾಡಿದ್ದೇವೆ, ಇಂಥ ಕಾರಣಕ್ಕೆ ಎಂದು ವರದಿಯಲ್ಲೂ ಬರೆಯುತ್ತಾರೆ, ಮುಚ್ಚುಮರೆ ಇಲ್ಲ. ಉತ್ತರ ಯಾವ ಕಡೆಗಾದರೂ ಬರಬಹುದು. ನನ್ನ ಮೇಜಿನ ಮೇಲೆ ಈಗ ಕೀಲುನೋವಿನ ಮುಲಾಮಿನ ಫೈಲ್ ಇದೆ.

ಹೊರಡುವಾಗ ಸಾಹೇಬರು ಬಾಗಿಲವರೆಗೂ ಬಂದರು. ಈ ಮನುಷ್ಯನಿಗೆ ನಾನು ಎಷ್ಟು ವರ್ಷದಿಂದ ಅಡ್ಡಹೆಸರಿಟ್ಟು ನಗುತ್ತಿದ್ದೇನೆ.

ಏಪ್ರಿಲ್ 2, ಬುಧವಾರ

ಏನೂ ಗೊತ್ತಿಲ್ಲ. ಮುಲಾಮು.

ಕೆಳಗಿನ ಟ್ಯಾಕ್ಸಿಯವರು ಇವತ್ತೂ ಗಾಡಿ ಅಡ್ಡ ನಿಲ್ಲಿಸಿದ್ದರು. ಸುತ್ತಿಕೊಂಡು ಹೋದೆ, ಕಾಲಿಗೂ ವ್ಯಾಯಾಮವಾಯಿತು.

ಏಪ್ರಿಲ್ 21, ಸೋಮವಾರ

ಸೊಸೆಗೆ ಮತ್ತೆ ಫಿಟ್ಸ್ ಬಂದಿಲ್ಲ. ಹೊಟ್ಟೆ ಕಾಣುವಷ್ಟಾಗಿದೆ. ಅಂಗಡಿಯಲ್ಲಿ ಅವಳ ಜೊತೆಯವರು ಏಣಿ ಹತ್ತಲು ಬಿಡುತ್ತಿಲ್ಲವಂತೆ, ಮೇಲಿನ ಕಪಾಟಿನ ಫ್ರೇಮೆಲ್ಲಾ ಕೆಳಗಿಟ್ಟುಕೊಟ್ಟಿದ್ದಾರೆ. ಅಲ್ಲಿಯವರಿಗೂ ಪುಣ್ಯ ಬರಲಿ. ಮಗ ಮನೆಯ ಬಾತ್‌ರೂಮಿನ ಚಿಲಕ ಬಿಚ್ಚಿಹಾಕಿದ್ದಾನೆ, ಒಳಗೆ ಬಿದ್ದರೆ ತೆರೆಯಲಿಕ್ಕಾಗಬೇಕಲ್ಲ ಎಂದು. ಈಗ ಸ್ನಾನಕ್ಕೆ ಹೋದವರೆಲ್ಲಾ ಒಳಗಿಂದ ಹಾಡಬೇಕು. ನನ್ನ ಹಾಡು ಕೇಳಿ ಸೊಸೆ ನಕ್ಕೂ ನಕ್ಕೂ ಕೆಮ್ಮಿದಳು. ಬೈದೆ. ಈಗ ದಿನಕ್ಕಿಷ್ಟು ಎಂದು ಬೈಯುತ್ತೇನೆ, ಔಷಧಿಯಂತೆ.

ಕಚೇರಿಯಲ್ಲಿ ಕೂತಾಗ ಆ ದೇಶದ ಡಾಕ್ಟರುಗಳು ನೆನಪಾಗುತ್ತಾರೆ. ದಿನದ ಕೆಲಸ ಮುಗಿಸಿ, ಎಂದೋ ಹುಟ್ಟಿದ ಯಾರದೋ ಮಗುವಿನ ಕಡತ ತೆಗೆದು ಓದುತ್ತಿರುತ್ತಾರೆ. ಅದಕ್ಕೂ ಹಿಂದೆ ಯಾವುದೋ ಔಷಧಿ ಅಂಗಡಿಯಲ್ಲಿ ಒಬ್ಬಳು ಸಾಲಾಗಿ ನಿಂತ ಗಿರಾಕಿಗಳ ನಡುವೆ ತಾರೀಖು ಸರಿಯಾಗಿ ಬರೆದಿದ್ದಾಳೆ. ಮೂವತ್ತು ವರ್ಷ ಇವರೆಲ್ಲರ ತಪ್ಪು ಹಿಡಿಯುವುದೇ ನನ್ನ ಕೆಲಸವಾಗಿತ್ತು. ಸರಿಯಾಗಿ ಬರೆದವರೇ ಹೆಚ್ಚು, ಅವರು ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೇ.

ಸಂಜೆ ರಕ್ತದೊತ್ತಡ ತೋರಿಸಿಕೊಂಡು ಬಂದೆ. ಇಳಿದಿದೆ. "ಪುಸ್ತಕದ ತುಂಬಾ ಬೈಗುಳನಾ?" ಎಂದು ಡಾಕ್ಟರು ಕೇಳಿದರು. ಹೌದು, ಒಂದು ಪುಟವೂ ಬಿಟ್ಟಿಲ್ಲ, ಎಂದೆ.

ಮೇ 6, ಮಂಗಳವಾರ

ಫಲಿತಾಂಶವನ್ನು ಇವತ್ತು ಎಲ್ಲರಿಗೂ ಪ್ರಕಟಿಸಿದರು. ಸಾಹೇಬರು ತಾವೇ ಕಾಫಿ ತಂದು ನನ್ನ ಮೇಜಿನ ಮೇಲಿಟ್ಟು, "ಈಗ ಮನೆಗೆ ತಗೊಂಡು ಹೋಗ್ಬಹುದು ಮೇಡಂ" ಅಂದರು.

ಆ ದೇಶದಲ್ಲಿ ಹೃದಯದೋಷ ಎಂದು ಎಣಿಕೆಯಾಗಿದ್ದ ಮಾತ್ರೆಯ ಮಕ್ಕಳಲ್ಲಿ ಹೆಚ್ಚಿನವು ಆರೋಗ್ಯವಂತ ಮಕ್ಕಳು. ಬರೀ ಸ್ಕ್ಯಾನಿನ ಚೀಟಿ. ಏಳೂ ದೇಶ ಸೇರಿಸಿ ನೋಡಿದರೆ ಮಾತ್ರೆ ತೆಗೆದುಕೊಂಡವರಿಗೂ ಬೇರೆಯವರಿಗೂ ಎದ್ದು ಕಾಣುವ ವ್ಯತ್ಯಾಸವಿಲ್ಲ. ತುಸು ಹೆಚ್ಚಿನ ಅಪಾಯ ಇದ್ದರೂ ಇರಬಹುದು, ಅದನ್ನು ಇಲ್ಲವೇ ಇಲ್ಲ ಎನ್ನುವಷ್ಟು ತಾಯಂದಿರು ಇನ್ನೂ ಲೆಕ್ಕದಲ್ಲಿಲ್ಲ. ಆಚೆಮನೆಯವರು ನನಗೆ ಪ್ರತ್ಯೇಕವಾಗಿ ಬರೆದಿದ್ದರು: 'ನೀವು ಮೊದಲು ಹೇಳಿದಾಗ ನಾನು ನಂಬಲಿಲ್ಲ. ತಪ್ಪು ಹಿಡಿಯಲೆಂದೇ ಹುಡುಕಿದೆ. ನಿಮ್ಮ ಮನೆಯವರು ಕ್ಷೇಮವೇ?' ನಂಬದೆ ಹುಡುಕಿದ್ದಕ್ಕೆ ಥ್ಯಾಂಕ್ಸ್ ಎಂದು ಬರೆದೆ. ಮನಸ್ಸಿನಿಂದಲೇ ಬರೆದೆ.

ಮನೆಗೆ ಬಂದು ಸೊಸೆಯನ್ನೂ ಮಗನನ್ನೂ ಎದುರಿಗೆ ಕೂರಿಸಿಕೊಂಡು, ಅವಳ ಮುಖವನ್ನೇ ನೋಡುತ್ತಾ ಎಲ್ಲಾ ಹೇಳಿದೆ. ಒಳ್ಳೆಯದನ್ನು ದೊಡ್ಡದು ಮಾಡಲಿಲ್ಲ, ಕೆಟ್ಟದ್ದನ್ನು ಮುಚ್ಚಲಿಲ್ಲ.

"ಆ ದೇಶದಲ್ಲಿ ನಿಜವಾಗ್ಲೂ ತೊಂದ್ರೆ ಇದ್ದ ಮಕ್ಕಳು ಎಷ್ಟು ಅತ್ತೆ?"

"ಐದಕ್ಕಿಂತ ಕಡಿಮೆ."

"ಅಂದ್ರೆ?"

"ಒಂದಿರಬಹುದು, ನಾಲ್ಕಿರಬಹುದು. ನಮಗೂ ಹೇಳಲ್ಲ."

"ಸೊನ್ನೆ ಅಲ್ಲ."

"ಅಲ್ಲ. ಸೊನ್ನೆ ಆಗಿದ್ರೆ ಸೊನ್ನೆ ಅಂತಾನೇ ಬರೀತಿದ್ರು."

ಮಗ ಸಂತೋಷದಲ್ಲಿ ನನ್ನನ್ನು ಎತ್ತಿ ತಿರುಗಿಸಲು ಬಂದ, ಹಾಳಾದವನೇ, ನನ್ನ ಸೊಂಟ, ಎಂದು ಗದರಿದೆ. ಸೊಸೆಯೂ ನಕ್ಕಳು. ಆದರೆ ಊಟ ಮಾಡುವಾಗ ಅವಳು ಬೇರೆಲ್ಲೋ ಇದ್ದಳು. ಬರುವ ವಾರ ದೊಡ್ಡ ಸ್ಕ್ಯಾನ್ ಇದೆ, ಮಗುವಿನ ಹೃದಯ ನೋಡುತ್ತಾರೆ.

ಮೇ 15, ಗುರುವಾರ

ಮೂವರೂ ಹೋದೆವು. ಟ್ಯಾಕ್ಸಿಯವರೇ ಕರೆದುಕೊಂಡು ಹೋದರು.

ಹೊರಗೆ ಕಾಯುತ್ತಿದ್ದಾಗ ನರ್ಸ್ ಬಂದು ಸೊಸೆಯ ಪಕ್ಕ ಕೂತರು. "ಇಂಥ ಮಾತ್ರೆ ತಗೊಳ್ಳೋ ಗರ್ಭಿಣಿಯರ ನೋಂದಣಿ ಒಂದಿದೆ. ಮಗು ಹುಟ್ಟಿ ಸ್ವಲ್ಪ ವರ್ಷದವರೆಗೂ ಹೇಗಿದೆ ಅಂತ ಬರೆದುಕೊಳ್ತಾರೆ. ಹೆಸರು ಹೊರಗೆ ಹೋಗಲ್ಲ. ಸೇರ್ತೀರಾ? ಬಲವಂತ ಏನಿಲ್ಲ."

ಇಷ್ಟು ವರ್ಷ ನಾನು ಎಣಿಸಿದ ಒಬ್ಬೊಬ್ಬರ ಮುಂದೆಯೂ ಹೀಗೆ ಯಾರೋ ಒಬ್ಬರು ಬಂದು ಕೂತಿದ್ದಿರಬೇಕು. ನನಗೆ ಬೇಡ ಎಂದು ಕಿರುಚಬೇಕೆನಿಸಿತು. ನನ್ನ ಸೊಸೆ, ನನ್ನ ಮೊಮ್ಮಗು, ಯಾರ ಲೆಕ್ಕಕ್ಕೂ ಬೇಡ.

"ಏನಾದ್ರೂ ಕೆಟ್ಟದ್ದಾದ್ರೆ ಅದನ್ನೂ ಬರೀತಾರಾ ಅತ್ತೆ?"

"ಬರೀತಾರೆ."

"ಸ್ಕ್ಯಾನ್ ಆದ್ಮೇಲೆ ಹೇಳ್ತೀನಿ ಅಂದ್ರೆ?"

ನರ್ಸ್, "ಆಮೇಲೂ ಹೇಳ್ಬಹುದು, ಪರ್ವಾಗಿಲ್ಲ" ಅಂದರು. ಸೊಸೆ ನನ್ನ ಮುಖವನ್ನೇ ನೋಡುತ್ತಿದ್ದಳು. ಸುಳ್ಳು ಹೇಳಿದರೆ ಅವಳಿಗೆ ಗೊತ್ತಾಗುತ್ತದೆ ಎಂದು ನನಗೆ ಗೊತ್ತು.

"ಸೇರೋದಾದ್ರೆ ಈಗ್ಲೇ ಸೇರಬೇಕು ಮಗಳೇ" ಎಂದೆ. "ನೋಡ್ಕೊಂಡು ಆಮೇಲೆ ಹೇಳೋರು ಹೆಚ್ಚಾದ್ರೆ ಒಳ್ಳೇದಾದೋರೋ ಕೆಟ್ಟದ್ದಾದೋರೋ ಮಾತ್ರ ಸೇರಿ ಲೆಕ್ಕ ಸುಳ್ಳಾಗುತ್ತೆ. ಇಲ್ಲಾಂದ್ರೆ ಬೇಡ ಅನ್ನು. ಬೇಡ ಅಂದ್ರೂ ಯಾರೂ ನಿನ್ನ ತಪ್ಪು ಅನ್ನಲ್ಲ. ನಾನಂತೂ ಅನ್ನಲ್ಲ."

ಮಗ ಏನೋ ಹೇಳಲು ಹೊರಟ, ಅವಳು ಅವನ ಕೈ ಒತ್ತಿದಳು.

"ಸೇರಿಸ್ಕೊಳ್ಳಿ" ಅಂದಳು ನರ್ಸಿಗೆ.

ಒಳಗೆ ಒಬ್ಬರನ್ನೇ ಬಿಡುತ್ತಾರೆ, ಮಗ ಹೋದ. ನಾನು ಹೊರಗೆ ಕೂತೆ. ಎದುರುಗೋಡೆಯಲ್ಲಿ ಕೈ ತೊಳೆಯುವ ಬಗೆಯ ಚಿತ್ರವಿತ್ತು, ಅದನ್ನೇ ಎಷ್ಟು ಸಲ ಓದಿದೆನೋ. ಬಾಗಿಲು ತೆರೆದಾಗ ಮಗ ಮೊದಲು ಬಂದ. ಕಣ್ಣಲ್ಲಿ ಧಾರಾಕಾರ ನೀರು. ಹಿಂದೆಯೇ ಸೊಸೆ ಬಂದು, "ಅಯ್ಯೋ ಅತ್ತೆ, ಇವರ ಮುಖ ನೋಡ್ಬೇಡಿ! ಚೆನ್ನಾಗಿದೆ. ಹೃದಯ ಚೆನ್ನಾಗಿದೆ ಅಂದ್ರು. ನಾಲ್ಕೂ ಕೋಣೆ ತೋರಿಸಿದ್ರು" ಅಂದಳು.

ಅವಳ ಕೆನ್ನೆ ಹಿಡಿದುಕೊಂಡು ನಿಂತೆ. ಏನೇನು ಹೇಳಿದೆನೋ ನೆನಪಿಲ್ಲ. ಯಾರ್‍ಯಾರಿಗೋ ಕೈ ಮುಗಿದೆ, ನೆಲ ಒರೆಸುತ್ತಿದ್ದವರಿಗೂ ಮುಗಿದೆನಂತೆ.

ಮಗ ಟ್ಯಾಕ್ಸಿಯವರನ್ನು ಕರೆಯಲು ಹೋದ. ನಾವಿಬ್ಬರೂ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತೆವು. ಆಗ ಸೊಸೆ ಅಳಲು ಶುರುಮಾಡಿದಳು. ಯಾಕೆ ಕಣೇ, ಎಲ್ಲಾ ಸರಿಯಿದೆಯಲ್ಲ, ಎಂದೆ.

"ಆ ಐದಕ್ಕಿಂತ ಕಡಿಮೆ ಇದಾರಲ್ಲ ಅತ್ತೆ. ಅವ್ರ ಅಮ್ಮಂದಿರೂ ಹಿಂಗೇ ಬಂದು ಮಲಗಿದ್ರು ತಾನೇ. ಅವ್ರಿಗೂ ಹೊರಗೆ ಯಾರಾದ್ರೂ ಕೂತಿದ್ರಾ?"

ಏಳು ದೇಶಗಳ ದಾಖಲೆ ನೋಡಿದವಳು ನಾನು. ತೂಕ, ವಯಸ್ಸು, ಮಾತ್ರೆ, ತಾರೀಖು, ಎಲ್ಲಾ ಬರೆದಿರುತ್ತಾರೆ. ಇದನ್ನು ಯಾವ ದೇಶದಲ್ಲೂ ಬರೆದಿಡುವುದಿಲ್ಲ. ಆಧಾರವಿಲ್ಲದ ಮಾತನ್ನು ನಾನು ಇವತ್ತಿನವರೆಗೆ ಆಡಿದವಳಲ್ಲ, ಆಡಿದವರನ್ನು ಸುಮ್ಮನೆ ಬಿಟ್ಟವಳೂ ಅಲ್ಲ.

"ಕೂತಿದ್ರು" ಎಂದೆ. "ಎಲ್ರಿಗೂ ಒಬ್ಬೊಬ್ರು ಕೂತಿದ್ರು."